ಜಿಲ್ಲಾವಾರು ಅಂಕಿಅಂಶಗಳಿಗೆ ಯಾವ ಬಗೆಯ ನಕ್ಷೆ ಸೂಕ್ತ?

ಪ್ರಶ್ನೆ:
ಒಂದು ಕಾಯಿಲೆಯ ಪ್ರಕರಣಗಳ ಜಿಲ್ಲಾವಾರು ಸಂಖ್ಯೆಯನ್ನು ಇಟ್ಟುಕೊಂಡು ನಕ್ಷೆಯೊಂದನ್ನು ಸಿದ್ಧಪಡಿಸಿದ್ದೇನೆ. ಪ್ರಕರಣಗಳು ಹೆಚ್ಚಿರುವ ಜಿಲ್ಲೆಗಳಿಗೆ ಕೆಂಪು, ಕಡಿಮೆ ಇರುವಲ್ಲಿ ನೀಲಿ, ನಡುವಿನವಕ್ಕೆ ಹಸಿರು, ಹಳದಿ, ಕಿತ್ತಳೆ ಬಣ್ಣಗಳನ್ನು ತುಂಬಿದ್ದೇನೆ. ಮುಗಿದ ಮೇಲೆ ನೋಡಿದರೆ ಅದು ಜನಸಂಖ್ಯೆಯ ನಕ್ಷೆಯಂತೆಯೇ ಕಾಣುತ್ತಿದೆ. ದೊಡ್ಡ ನಗರಗಳಿರುವ ಜಿಲ್ಲೆಗಳೆಲ್ಲ ಕೆಂಪಾಗಿವೆ. ತಪ್ಪಿರುವುದು ಬಣ್ಣದಲ್ಲಿಯೇ, ಅಥವಾ ನಕ್ಷೆಯ ಬಗೆಯನ್ನೇ ಬದಲಿಸಬೇಕೇ? ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಇದನ್ನು ಬಳಸಬೇಕಾಗಿರುವುದರಿಂದ ನೋಡಿದವರು ತಪ್ಪು ತೀರ್ಮಾನಕ್ಕೆ ಬರಬಾರದೆಂಬುದು ನನ್ನ ಕಾಳಜಿ.

ಮೊದಲ ಉತ್ತರ:
ಬಣ್ಣದ ವಿಚಾರ ಆಮೇಲೆ ನೋಡೋಣ. ನಿಮ್ಮ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಕಾಯಿಲೆ ತಗಲುವ ಅಪಾಯ ಎಲ್ಲಿ ಹೆಚ್ಚು ಎಂಬುದು ಪ್ರಶ್ನೆಯಾದರೆ ಪ್ರಕರಣಗಳನ್ನು ಜನಸಂಖ್ಯೆಯಿಂದ ಭಾಗಿಸಿ, ಲಕ್ಷ ಜನರಿಗೆ ಎಷ್ಟು ಎಂಬ ದರವನ್ನು ಕಂಡುಕೊಂಡು, ಆ ದರಕ್ಕೆ ತಕ್ಕಂತೆ ಜಿಲ್ಲೆಗಳಿಗೆ ಛಾಯೆ ತುಂಬಬೇಕು. ಔಷಧ ಎಲ್ಲಿಗೆ ಎಷ್ಟು ಕಳುಹಿಸಬೇಕು ಎಂಬುದು ಪ್ರಶ್ನೆಯಾದರೆ ಒಟ್ಟು ಸಂಖ್ಯೆಯೇ ಮುಖ್ಯ. ಆಗ ಛಾಯೆಯನ್ನು ಬಿಟ್ಟು, ಪ್ರತಿ ಜಿಲ್ಲೆಯ ಮೇಲೆ ಸಂಖ್ಯೆಗೆ ಅನುಗುಣವಾದ ವೃತ್ತವನ್ನು ಇಡಿ. ವೃತ್ತದ ವಿಸ್ತೀರ್ಣವು ಸಂಖ್ಯೆಗೆ ಅನುಗುಣವಾಗಿರಬೇಕೇ ಹೊರತು ತ್ರಿಜ್ಯವಲ್ಲ. ಸಂಖ್ಯೆ 4 ಪಟ್ಟಾದರೆ ತ್ರಿಜ್ಯ 2 ಪಟ್ಟಾದರೆ ಸಾಕು. ತ್ರಿಜ್ಯವನ್ನೇ 4 ಪಟ್ಟು ಮಾಡಿದರೆ ವೃತ್ತವು 16 ಪಟ್ಟು ದೊಡ್ಡದಾಗಿಬಿಡುತ್ತದೆ.

ರೋಗಿಗಳ ಮನೆಗಳ ನಿಖರ ಸ್ಥಳ ತಿಳಿದಿದ್ದರೆ ಚುಕ್ಕೆ ನಕ್ಷೆಗೆ ಸಮನಾದುದು ಇನ್ನೊಂದಿಲ್ಲ. 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹರಡಿದಾಗ ವೈದ್ಯ ಜಾನ್ ಸ್ನೋ ಪ್ರತಿಯೊಂದು ಸಾವನ್ನೂ ಅದು ಸಂಭವಿಸಿದ ಮನೆಯ ಬಳಿ ಪುಟ್ಟ ಕಪ್ಪು ಗೆರೆಯಾಗಿ ಗುರುತಿಸಿದರು. ಆ ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ದಟ್ಟವಾಗಿ ಸೇರಿಕೊಂಡಿದ್ದವು. ಅದೇ ಸಾವುಗಳನ್ನು ಆಡಳಿತ ವಿಭಾಗವಾರು ಒಟ್ಟುಗೂಡಿಸಿ ಛಾಯೆ ತುಂಬಿದ್ದರೆ ಆ ಪಂಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಇಂದು ನಿಖರ ಸ್ಥಳವನ್ನು ಪ್ರಕಟಿಸಿದರೆ ರೋಗಿಯ ಗುರುತು ಬಯಲಾಗುವ ಅಪಾಯವಿದೆ ಎಂಬುದನ್ನು ಮರೆಯಬೇಡಿ.

ಎರಡನೆಯ ಉತ್ತರ:
ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಬಣ್ಣ ಮತ್ತು ವರ್ಗಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಕಡಿಮೆಯಿಂದ ಹೆಚ್ಚಿಗೆ ಹೋಗುವ ದತ್ತಾಂಶಕ್ಕೆ ಕಾಮನಬಿಲ್ಲಿನ ಬಣ್ಣಗಳು ಹೊಂದುವುದಿಲ್ಲ, ಏಕೆಂದರೆ ಹಸಿರು ದೊಡ್ಡದೋ ಹಳದಿ ದೊಡ್ಡದೋ ಎಂದು ಕಣ್ಣು ತಾನಾಗಿ ಹೇಳಲಾರದು. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಒಯ್ದರೆ ಸೂಚಿಯನ್ನು (ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ನಕ್ಷೆಯ ಬದಿಯಲ್ಲಿ ತಿಳಿಸುವ ಪಟ್ಟಿ) ನೋಡದೆಯೇ ಕ್ರಮ ಅರ್ಥವಾಗುತ್ತದೆ, ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ಕಾಣಲಾಗದವರಿಗೂ ಅನುಕೂಲವಾಗುತ್ತದೆ.

ವರ್ಗಗಳನ್ನು ಮಾಡುವ ರೀತಿಯೂ ನಕ್ಷೆಯ ಅರ್ಥವನ್ನೇ ತಿರುಗಿಸಬಲ್ಲದು. ಆರು ಜಿಲ್ಲೆಗಳ ದರ 2, 3, 4, 5, 6, 90 ಎಂದಿಟ್ಟುಕೊಳ್ಳಿ. ಇದನ್ನು ಐದು ಸಮಾನ ಅಂತರದ ವರ್ಗಗಳಾಗಿ ವಿಂಗಡಿಸಿದರೆ ಐದು ಜಿಲ್ಲೆಗಳು ಒಂದೇ ತಿಳಿ ಛಾಯೆಯಲ್ಲಿ ಉಳಿದು, ಒಂದು ಮಾತ್ರ ಗಾಢವಾಗುತ್ತದೆ, ನಡುವಿನ ಮೂರು ವರ್ಗಗಳು ಖಾಲಿ ಇರುತ್ತವೆ. ವರ್ಗಕ್ಕೆ ಎರಡೆರಡು ಜಿಲ್ಲೆಗಳಂತೆ ಹಂಚಿದರೆ 6 ಮತ್ತು 90 ಒಂದೇ ಬಣ್ಣ ಪಡೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ತಪ್ಪೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನೋಡಲು ಸಮತೋಲನದಿಂದ ಕೂಡಿರುತ್ತದೆ.

ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನವೇ ಪ್ರಕ್ಷೇಪ. ಪ್ರದೇಶ ವಿಶಾಲವಾಗಿದ್ದರೆ ಭೂಭಾಗಗಳ ವಿಸ್ತೀರ್ಣದ ಅನುಪಾತ ಕೆಡದಂತೆ ತೋರಿಸುವ ಸಮವಿಸ್ತೀರ್ಣದ ಪ್ರಕ್ಷೇಪವನ್ನೇ ಬಳಸಿ. ನಕ್ಷೆಕಾರ ಮರ್ಕೇಟರ್ 1569ರಲ್ಲಿ ನೌಕಾಯಾನಕ್ಕೆಂದು ರೂಪಿಸಿದ ಪ್ರಕ್ಷೇಪದಲ್ಲಿ 60 ಡಿಗ್ರಿ ಅಕ್ಷಾಂಶದ ಭೂಭಾಗವು ಸಮಭಾಜಕ ವೃತ್ತದ ಬಳಿಯ ಅಷ್ಟೇ ಭೂಭಾಗಕ್ಕಿಂತ 4 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಲ್ಲಿ ತುಂಬಿದ ಛಾಯೆಗೂ ಅಷ್ಟೇ ಹುಸಿ ತೂಕ ಬರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ದರವನ್ನು ಲೆಕ್ಕ ಹಾಕಿ ಮತ್ತೆ ಬರೆದೆ. ಚಿತ್ರಣ ಪೂರ್ತಿ ಬದಲಾಯಿತು. ಆದರೆ ಈಗ ಅತಿ ಕಡಿಮೆ ಜನರಿರುವ ಘಟಕವೊಂದು ಎಲ್ಲಕ್ಕಿಂತ ಗಾಢವಾಗಿದೆ. ಅಲ್ಲಿರುವುದು ಒಂದೇ ಪ್ರಕರಣ.

ಮೊದಲ ಉತ್ತರ ನೀಡಿದವರು:
ಅದು ದರದ ನಕ್ಷೆಗಳಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕು. 2,000 ಜನರಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ದರ ಲಕ್ಷಕ್ಕೆ 50. 20 ಲಕ್ಷ ಜನರಲ್ಲಿ 600 ಮಂದಿಗೆ ಬಂದರೆ ದರ 30 ಮಾತ್ರ. ಮುಂದಿನ ವರ್ಷ ಆ ಒಂದು ಪ್ರಕರಣ ಇಲ್ಲವಾದರೆ ಮೊದಲನೆಯದು ನೇರವಾಗಿ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಮೂರು ಅಥವಾ ಐದು ವರ್ಷಗಳ ಅಂಕಿಗಳನ್ನು ಕೂಡಿಸಿ ಸರಾಸರಿ ದರ ತೆಗೆಯಿರಿ. ಹಳೆಯ ಅಂಕಿಗಳು ಸಿಗದಿದ್ದರೆ ಅಂಥ ಘಟಕಗಳಿಗೆ ಬಣ್ಣ ತುಂಬದೆ ಓರೆಗೆರೆಗಳನ್ನು ಎಳೆದು, ಪ್ರಕರಣಗಳು ತೀರ ಕಡಿಮೆ ಇರುವುದರಿಂದ ದರವನ್ನು ನಂಬಲಾಗದು ಎಂದು ಸೂಚಿಯಲ್ಲಿಯೇ ಬರೆಯಿರಿ.