ಹಳೇ ರೇಂಜ್‌ಫೈಂಡರ್ ಕ್ಯಾಮೆರಾ: ಬೀರುವಿನಲ್ಲೇ ಇಡಲಾ, ರೀಲು ಹಾಕಲಾ?

ಹೇಮಾವತಿ_ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಸಕಲೇಶಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರು. ಅವರು ತೀರಿಕೊಂಡು ಆರು ವರ್ಷ ಆಯಿತು. ಹೋದ ತಿಂಗಳು ದೊಡ್ಡಮ್ಮ ಬೀರು ಖಾಲಿ ಮಾಡುವಾಗ ಒಂದು ಕ್ಯಾಮೆರಾ ತೆಗೆದು ನನ್ನ ಕೈಗೆ ಕೊಟ್ಟರು. "ಇದು ಸ್ಟುಡಿಯೋದ್ದಲ್ಲ, ಅವರ ಸ್ವಂತದ್ದು. ಎಲ್ಲಿಗೆ ಹೋದರೂ ಕುತ್ತಿಗೆಯಲ್ಲಿ ಇದೇ ಇರುತ್ತಿತ್ತು" ಅಂದರು. ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್. ಕಂದು ಚರ್ಮದ ಕೇಸ್ ಇದೆ. ಅದನ್ನು ತೆರೆದರೆ ಸ್ಟುಡಿಯೋದ ವಾಸನೆ ಈಗಲೂ ಬರುತ್ತದೆ. ಅದಕ್ಕೇ ಕ್ಯಾಮೆರಾನ ಕೇಸ್ ಒಳಗೇ ಇಟ್ಟಿದ್ದೇನೆ.

ಗುಂಡಿ ಒತ್ತಿದರೆ ಕ್ಲಿಕ್ ಅನ್ನುತ್ತದೆ. ಮೇಲಿನ ದೀಪಗಳು ಮಾತ್ರ ಹತ್ತುವುದಿಲ್ಲ. ಬ್ಯಾಟರಿ ಜಾಗದಲ್ಲಿ ಹಸಿರು ಕಿಲುಬು ಇದೆ. ಕಿಟಕಿಯಲ್ಲಿ ನೋಡಿದರೆ ಮಧ್ಯದಲ್ಲಿ ಮಸುಕಾದ ಹಳದಿ ಗುರುತು, ಅದರಲ್ಲಿ ಎಲ್ಲಾ ಎರಡೆರಡು ಕಾಣುತ್ತದೆ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಒಂದು ಅಂಚಿನಲ್ಲಿ ಜೇಡರ ಬಲೆಯ ಎಳೆ ತರ ಏನೋ ಇದೆ.

ಇಲ್ಲಿ ಒಬ್ಬರಿಗೆ ತೋರಿಸಿದೆ. "ಶೋಕೇಸ್‌ನಲ್ಲಿ ಇಡಿ, ಚೆನ್ನಾಗಿ ಕಾಣುತ್ತೆ" ಅಂದರು. ನನಗೆ ಅದು ಇಷ್ಟವಾಗಲಿಲ್ಲ. ಇದರಲ್ಲಿ ಫೋಟೋ ತೆಗೆಯಬಹುದಾ? ಫೋನ್ ಇರುವಾಗ ಇದರಲ್ಲಿ ನಿಮಗೆ ಸಿಗುವ ಸುಖ ಏನು ಅಂತಲೂ ದಯವಿಟ್ಟು ಹೇಳಿ. ಮಳೆಗಾಲದಲ್ಲಿ ನೀವೆಲ್ಲ ಇವನ್ನು ಎಲ್ಲಿ ಇಡುತ್ತೀರಿ?

ಎಸ್ಟೇಟ್_ರೈಟರ್

ನೋಡಮ್ಮ, ಮೊದಲು ಒಂದು ಕೆಲಸ ಮಾಡು. ಇದನ್ನು ಓದಿ ಮುಗಿಸುವ ಮುಂಚೆಯೇ ಎದ್ದು ಹೋಗಿ ಆ ಕ್ಯಾಮೆರಾನ ಚರ್ಮದ ಕೇಸ್‌ನಿಂದ ಹೊರಗೆ ತೆಗೆ. ಕೇಸ್ ಬೇರೆ, ಕ್ಯಾಮೆರಾ ಬೇರೆ ಇಡು. ನೀನು ಕಂಡ ಎಳೆಗಳು ಬೂಷ್ಟು. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಆ ತೇವದಲ್ಲಿ, ಕತ್ತಲಲ್ಲಿ, ಗಾಳಿ ಆಡದ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ. ವಾಸನೆ ಕೇಸ್‌ನಲ್ಲಿ ಹಾಗೇ ಉಳಿಯುತ್ತದೆ, ಚಿಂತೆ ಮಾಡಬೇಡ.

ನಾನು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು. ಮಸ್ಟರ್ (ಆಳುಗಳ ಹಾಜರಿ) ಬರೆಯುವುದು, ಹಣ್ಣು ತೂಕ ಹಾಕಿಸುವುದು, ಕಣದಲ್ಲಿ ಕಾಫಿ ಒಣಗಿದೆಯಾ ಅಂತ ನೋಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಈಗ ಆರು ರೇಂಜ್‌ಫೈಂಡರ್ ಇವೆ. ಎರಡು ಎಲೆಕ್ಟ್ರೋ, ಒಂದು ಕ್ಯಾನೊನೆಟ್, ಒಂದು ಮಿನೋಲ್ಟಾ ಹೈಮ್ಯಾಟಿಕ್, ಎರಡು ರಷ್ಯಾದ ಜೋರ್ಕಿ 4. ಆರರಲ್ಲೂ ವರ್ಷಕ್ಕೆ ಒಂದಾದರೂ ರೀಲು ಓಡುತ್ತದೆ. ನಾನು ಇಟ್ಟುಕೊಂಡ ಮೊದಲ ಎಲೆಕ್ಟ್ರೋನ ಬಹಳ ಜೋಪಾನ ಮಾಡಿ ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದಾಗ ಲೆನ್ಸ್ ಪೂರ್ತಿ ಬೆಳ್ಳಗಾಗಿತ್ತು. ಅದೇ ಕಾಲದಲ್ಲಿ ದಿನಾ ಕುತ್ತಿಗೆಯಲ್ಲಿ ಹಾಕಿಕೊಂಡು ಓಡಾಡಿದ ಕ್ಯಾನೊನೆಟ್‌ಗೆ ಏನೂ ಆಗಿರಲಿಲ್ಲ. ನಮ್ಮ ಸೀಮೆಯಲ್ಲಿ ಕೈಯಲ್ಲಿರುವ ಕ್ಯಾಮೆರಾನೇ ಉಳಿಯುವುದು.

ಈಗ ನಿನ್ನ ಕ್ಯಾಮೆರಾ ವಿಷಯ. ಎಲೆಕ್ಟ್ರೋ 35 ಮೊದಲು ಬಂದದ್ದು 1966ರಲ್ಲಿ. ನಿನ್ನ ಜಿಎಸ್‌ಎನ್ 1973ರದ್ದು. ಇದರ ಶಟರ್ ಓಡುವುದು ಕರೆಂಟಿನ ಮೇಲೆ. ಬ್ಯಾಟರಿ ಇಲ್ಲದಿದ್ದರೂ ಕ್ಲಿಕ್ ಅನ್ನುತ್ತದೆ. ಆದರೆ ಆಗ ಬಿಸಿಲಿರಲಿ, ನೆರಳಿರಲಿ, ಎಲ್ಲವನ್ನೂ ಸೆಕೆಂಡಿನ 500ನೇ ಒಂದು ಭಾಗದಲ್ಲೇ ತೆಗೆಯುತ್ತದೆ. ಕರೆಂಟ್ ಇಲ್ಲದ್ದಕ್ಕೇ ದೀಪ ಹತ್ತಿಲ್ಲ. ಕಿಲುಬನ್ನು ಹತ್ತಿಯಲ್ಲಿ ಒಂದು ಹನಿ ವಿನೆಗರ್ ಅದ್ದಿ ಒರೆಸು. ಆಮೇಲೆ ಒಣ ಹತ್ತಿಯಲ್ಲಿ ಒರೆಸು. ಒಳಗೆ ಹನಿ ಇಳಿಯಬಾರದು. ಇದಕ್ಕೆ ಬರುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ತಗೋ. ಅದು ಸಣ್ಣದು, ಗಡಗಡ ಅಲ್ಲಾಡುತ್ತದೆ. ರಟ್ಟು ಸುತ್ತಿ ದಪ್ಪ ಮಾಡು. ಉದ್ದ ಕಡಿಮೆ ಬೀಳುವ ಕಡೆ ಅಲ್ಯುಮಿನಿಯಂ ಹಾಳೆ ಉಂಡೆ ಮಾಡಿ ಒತ್ತು. ಆ ಸ್ವಲ್ಪ ಜಾಸ್ತಿ ವೋಲ್ಟಿಗೆ ಈ ಕ್ಯಾಮೆರಾ ತಲೆ ಕೆಡಿಸಿಕೊಳ್ಳುವುದಿಲ್ಲ. ಹಿಂದಿನ ಸಣ್ಣ ಗುಂಡಿ ಒತ್ತಿದಾಗ ಹಸಿರು ಬೆಳಕು ಬಂದರೆ ಕ್ಯಾಮೆರಾ ಎದ್ದಿತು ಅಂತ ಅರ್ಥ. ಆಮೇಲೆ ನೆನಪಿಟ್ಟುಕೋ: ಹಳದಿ ದೀಪ ಬಂದರೆ 30ನೇ ಒಂದು ಭಾಗಕ್ಕಿಂತ ನಿಧಾನ, ಕೈ ಅಲುಗಬಾರದು. ಕೆಂಪು ಬಂದರೆ ಬೆಳಕು ಜಾಸ್ತಿ.

ಇನ್ನೊಂದು ಪರೀಕ್ಷೆ ಕಿವಿಯಿಂದ ಮಾಡುವುದು. ರೀಲು ಮುಂದೆ ಸರಿಸುವ ಸನ್ನೆ ಎಳೆದು ಬಿಡುವಾಗ ಒಳಗಡೆ "ಟಕ್" ಅಂತ ಒಂದು ಗಟ್ಟಿ ಶಬ್ದ ಬರಬೇಕು. ಒಳಗಿನ ಸಣ್ಣ ರಬ್ಬರ್ ತುಂಡು ಪುಡಿಯಾಗಿದ್ದರೆ ಆ ಶಬ್ದ ಬರುವುದಿಲ್ಲ, ಬೆಳಕಿನ ಲೆಕ್ಕವೂ ತಪ್ಪುತ್ತದೆ. ಆಗ ರಿಪೇರಿಯವರ ಹತ್ತಿರ ಹೋಗಲೇಬೇಕು.

ಎರಡೆರಡು ಕಾಣುವುದು ರೋಗ ಅಲ್ಲ! ಅದೇ ರೇಂಜ್‌ಫೈಂಡರ್. ಮುಂದೆ ಎರಡು ಕಿಟಕಿ ಇವೆ, ನಮ್ಮ ಎರಡು ಕಣ್ಣಿನ ಹಾಗೆ ಒಂದಕ್ಕೊಂದು ದೂರದಲ್ಲಿ. ಲೆನ್ಸಿನ ರಿಂಗ್ ತಿರುಗಿಸಿದರೆ ಎರಡು ಚಿತ್ರ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಆಯಿತು. ಸರಿಯಿದೆಯಾ ನೋಡಬೇಕಾ? ರಿಂಗನ್ನು ದೂರದ ಕಡೆಗೆ ಕೊನೆಯವರೆಗೆ ತಿರುಗಿಸಿ ದೂರದ ಮೊಬೈಲ್ ಟವರ್ ನೋಡು. ಒಂದೇ ಟವರ್ ಕಂಡರೆ ಸರಿ ಇದೆ. ಗುರುತು ಮಸುಕಾಗಿದ್ದರೆ ಮುಂದಿನ ದೊಡ್ಡ ಕಿಟಕಿಯ ನಡುವೆ ಕಡಲೆಯಷ್ಟು ಕಪ್ಪು ಟೇಪ್ ಅಂಟಿಸಿ ನೋಡು. ಎದ್ದು ಕಾಣುತ್ತದೆ.

ಸುಖ ಏನು ಅಂತ ಕೇಳಿದೆ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಒತ್ತಿದ ಕ್ಷಣ ಕಣ್ಣಿಗೆ ಕತ್ತಲು. ಕನ್ನಡಿ ಮೇಲೆದ್ದು ದಾರಿ ಮುಚ್ಚುತ್ತದೆ. ಅಂದರೆ ನೀನು ಹಿಡಿದ ಆ ಒಂದು ಕ್ಷಣವನ್ನು ನೀನು ಮಾತ್ರ ನೋಡಿರುವುದಿಲ್ಲ. ಇದರಲ್ಲಿ ಕನ್ನಡಿಯೇ ಇಲ್ಲ. ಕಿಟಕಿ ತೆರೆದೇ ಇರುತ್ತದೆ. ಜೊತೆಗೆ ಒಳಗೆ ಹೊಳೆಯುವ ಗೆರೆಯ ಚೌಕ ಇದೆಯಲ್ಲ, ಫೋಟೋಗೆ ಬರುವುದು ಅಷ್ಟೇ. ಗೆರೆಯ ಆಚೆಗೂ ಸ್ವಲ್ಪ ಕಾಣುತ್ತದೆ. ಯಾರು ಬರುತ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ.

ಒಂದು ಜನವರಿ ಸಂಜೆ, ಹಣ್ಣು ತೂಕದ ಹೊತ್ತು. ಎಲ್ಲಾ ಚೀಲ ಹೊತ್ತು ಸಾಲಾಗಿ ನಿಂತಿದ್ದರು. ನಾನು ತಕ್ಕಡಿ ಮೇಲೆ ಫೋಕಸ್ ಇಟ್ಟು ಕಾಯುತ್ತಿದ್ದೆ. ಗೆರೆಯ ಆಚೆ ಎಡಗಡೆ ಆಳುಗಳ ಲೈನ್ ಮನೆ ಕಡೆಯಿಂದ ಒಂದು ಪುಟ್ಟ ಹುಡುಗಿ ಓಡಿ ಬರುವುದು ಕಂಡಿತು. ಸೆರಗಿನಷ್ಟು ಉದ್ದದ ಲಂಗ. ಕೈಯಲ್ಲಿ ಅಮ್ಮನಿಗೆ ತಂದ ಕಾಫಿ ಲೋಟ. ಒತ್ತಲಿಲ್ಲ, ಉಸಿರು ಹಿಡಿದೆ. ಅವಳು ಗೆರೆ ದಾಟಿ ಒಳಗೆ ಬಂದಳು. ಅವಳಮ್ಮ ತಿರುಗಿದಳು. ಆಗ ಒತ್ತಿದೆ. ಆ ಮುಖ ತಿರುಗಿದ್ದನ್ನು ನಾನು ಪೂರ್ತಿ ನೋಡಿದೆ. ಈಗ ಆ ಹುಡುಗಿಗೆ ಮದುವೆಯಾಗಿದೆ, ಫೋಟೋ ಅವರ ಮನೆಯ ಗೋಡೆಯಲ್ಲಿದೆ. ಇಷ್ಟೇ ನನ್ನ ಸುಖ. ಇದಕ್ಕಾಗಿ ಮತ್ತೆ ಮತ್ತೆ ರೀಲು ಹಾಕುತ್ತೇನೆ.

ಎಚ್ಚರ ಇರಬೇಕಾದ್ದೂ ಇದೆ. ನೋಡುವ ಕಿಟಕಿ ಬೇರೆ, ಲೆನ್ಸ್ ಬೇರೆ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಎಲ್ಲಾ ಚೆಂದ ಕಾಣುತ್ತದೆ. ಒಂದು ವರ್ಷ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ತೋಟ ಪೂರ್ತಿ ಬೆಳ್ಳಗೆ ಅರಳಿತ್ತು. ಮುಚ್ಚಳ ಹಾಕಿಕೊಂಡೇ 11 ಫೋಟೋ ತೆಗೆದೆ. ಕಾಫಿ ಹೂ ನಾಲ್ಕೈದು ದಿನಕ್ಕೆ ಬಾಡುತ್ತದೆ. ಆ ವರ್ಷದ ಹೂವು ನನಗೆ ಸಿಗಲೇ ಇಲ್ಲ. ಅವತ್ತಿನಿಂದ ಮುಚ್ಚಳ ತೆಗೆದ ತಕ್ಷಣ ಜೇಬಿಗೆ ಹಾಕುತ್ತೇನೆ. ಇನ್ನು, ಎಲೆಕ್ಟ್ರೋ 80 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಒಂದೇ ಹೂವಿನ ಫೋಟೋಗೆ ಇದನ್ನು ಹಿಡಿಯಬೇಡ.

ಮಳೆಗಾಲಕ್ಕೆ: ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ಒಳಗೆ ಇರಲಿ. ತೀರಾ ಒಣಗಿಸುವುದೂ ಬೇಡ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದು ಹಸಿರಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಅಡುಗೆಯ ಬಾಣಲೆ ಬೇಡ, ಬೇರೆ ಇಟ್ಟುಕೋ. ಬೂಷ್ಟು ಇರುವ ಲೆನ್ಸನ್ನು ಉಳಿದ ಲೆನ್ಸ್ ಜೊತೆ ಒಂದೇ ಡಬ್ಬದಲ್ಲಿ ಇಡಬೇಡ. ಅಂಚಿನಲ್ಲಿ ಮಾತ್ರ ಇರುವುದರಿಂದ ಶುರುವಿನಲ್ಲೇ ಬಿಚ್ಚಿಸಿ ಒರೆಸಿಸು. ಗಾಜಿನ ಮೇಲಿನ ಲೇಪ ತಿಂದುಬಿಟ್ಟರೆ ಕಲೆ ಹೋಗುವುದಿಲ್ಲ.

ಬೇಲೂರು_ಬೆಳಕು

ರೈಟರ್ ಅಣ್ಣ ಹೇಳಿದ ಮುಚ್ಚಳದ ಮಾತಿಗೆ ಒಂದು ಸೇರಿಸುತ್ತೇನೆ. ಎಲೆಕ್ಟ್ರೋದಲ್ಲಿ ಬೆಳಕು ಅಳೆಯುವ ಕಣ್ಣು ಮೇಲ್ಗಡೆ ಬೇರೆ ಇದೆ, ಅದಕ್ಕೆ ಮುಚ್ಚಳ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಇರುವುದು ಕ್ಯಾನೊನೆಟ್ ಕ್ಯೂಎಲ್17 ಜಿ3. ಇದರ ಕಣ್ಣು ಲೆನ್ಸಿನ ಸುತ್ತಿನ ಒಳಗೇ ಇದೆ. ಆಟೋ ಮೋಡ್‌ನಲ್ಲಿ ಮುಚ್ಚಳ ಹಾಕಿದ್ದರೆ ಗುಂಡಿ ಒತ್ತಲು ಬಿಡುವುದೇ ಇಲ್ಲ.

ಈ ಕ್ಯಾನೊನೆಟ್‌ಗೂ ಹಿಂದೆ ಬರುತ್ತಿದ್ದದ್ದು ಪಾದರಸದ ಬ್ಯಾಟರಿಯೇ, 1.35 ವೋಲ್ಟ್. ಈಗಿನ 1.5 ವೋಲ್ಟ್ ಹಾಕಿದರೆ ಬೆಳಕು ಇರುವುದಕ್ಕಿಂತ ಜಾಸ್ತಿ ತೋರಿಸಿ ಫೋಟೋ ಕಪ್ಪಾಗುತ್ತದೆ. ನಾನು ಕಿವಿ ಮಿಷನ್‌ನ 675 ನಂಬರ್ ಬ್ಯಾಟರಿಗೆ ಸುತ್ತ ಒಂದು ರಬ್ಬರ್ ಬಳೆ ಕೂರಿಸಿ ಹಾಕುತ್ತೇನೆ. ಒಂದೆರಡು ತಿಂಗಳು ಬರುತ್ತದೆ. ಬ್ಯಾಟರಿ ಇಲ್ಲದಿದ್ದರೂ ಕೈಯಲ್ಲೇ ಎಲ್ಲಾ ಇಟ್ಟು ತೆಗೆಯಬಹುದು. ಅದಕ್ಕೇ ನನಗೆ ಎಲೆಕ್ಟ್ರೋಗಿಂತ ಇದೇ ಇಷ್ಟ. ಅಣ್ಣ ಬೇಜಾರಾಗಬೇಡಿ.

ಹೇಮಾವತಿಯವರೇ, ನಿಮ್ಮ ಎಲೆಕ್ಟ್ರೋ ಸರಿಯಾದ ಮೇಲೆ ಕಡಿಮೆ ಬೆಳಕಿಗೂ ಆಗುವ 400ರ ಕಪ್ಪು-ಬಿಳುಪು ರೀಲು ಹಾಕಿಕೊಂಡು ಹಳೇಬೀಡಿಗೆ ಹೋಗಿ. ದೇವಸ್ಥಾನದ ಒಳಗೆ ಕತ್ತಲು. ಬಾಗಿಲಿನಿಂದ ಬರುವ ಬೆಳಕು ತಿರುಗಣೆ ಕಂಬಗಳ ಮೇಲೆ ಬಳೆ ಬಳೆಯಾಗಿ ಬೀಳುತ್ತದೆ. ನಿಮ್ಮ ಲೆನ್ಸ್ 1.7ರದ್ದು, ಬೆಳಕು ಚೆನ್ನಾಗಿ ಬಿಡುತ್ತದೆ, ಪೂರ್ತಿ ತೆರೆದು ಕಂಬಕ್ಕೆ ಒರಗಿ ನಿಂತರೆ ಕೈಯಲ್ಲೇ ಬರುತ್ತದೆ. ಶಟರ್ ಶಬ್ದ ಕಡ್ಡಿ ಮುರಿದಷ್ಟೇ. ಪಕ್ಕದಲ್ಲಿ ಕೈ ಮುಗಿದು ನಿಂತವರು ತಿರುಗಿ ನೋಡುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಕಳಸದ_ಹುಡುಗ

ಮಧ್ಯ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆನ್‌ಲೈನ್‌ನಲ್ಲಿ ಚಿನ್ನದ ಬಣ್ಣದ ಲೈಕಾ ಕ್ಯಾಮೆರಾ ಒಂದು ಮಾರಾಟಕ್ಕಿದೆ. ಮೇಲೆ ಹದ್ದಿನ ಗುರುತು, ಜರ್ಮನ್ ಸೈನ್ಯದ್ದು ಅಂತ ಬರೆದಿದ್ದಾರೆ. ಬೆಲೆ ಕೈಗೆಟುಕುವ ಹಾಗಿದೆ. ತಗೊಳ್ಳಲಾ?

ಎಸ್ಟೇಟ್_ರೈಟರ್

ಲೈಕಾ ಅಂತ ತಗೋಬೇಡ ತಮ್ಮ. ಅದು ಸೋವಿಯತ್ ಕಾಲದ ಫೆಡ್ ಅಥವಾ ಜೋರ್ಕಿ ಮೇಲೆ ಹೆಸರು ಕೆತ್ತಿ ಬಣ್ಣ ಕೊಟ್ಟಿದ್ದು. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗದಲ್ಲಿ ನೋಡಿದರೆ ಒಂದು ಸಣ್ಣ ಸನ್ನೆ ಇರುತ್ತದೆ. ಲೈಕಾದಲ್ಲಿ ಅದರ ತುದಿಗೆ ಗುಂಡನೆ ಗಾಲಿ. ಇವುಗಳಲ್ಲಿ ಬೆಣೆ ಆಕಾರ. ಆ ಫೋಟೋ ಕೇಳು.

ಫೆಡ್ ತನ್ನ ಹೆಸರಲ್ಲೇ ಕೊಳ್ಳಬೇಕಾದ ಕ್ಯಾಮೆರಾ. 1932ರ ಲೈಕಾ 2ನ್ನು ನೋಡಿ ಉಕ್ರೇನಿನ ಖಾರ್ಕಿವ್‌ನ ಒಂದು ಕಮ್ಯೂನಿನಲ್ಲಿ ಮಾಡಲು ಶುರು ಮಾಡಿದರು. ತಂದೆ ತಾಯಿ ಇಲ್ಲದೆ ಬೀದಿಗೆ ಬಿದ್ದ ಮಕ್ಕಳಿಗಾಗಿ ಕಟ್ಟಿದ ಜಾಗ ಅದು. ಆ ಮಕ್ಕಳ ಕೈಯಲ್ಲಿ ಹುಟ್ಟಿದ ಕ್ಯಾಮೆರಾಗೆ ಬೇರೆ ಹೆಸರು ಕೆತ್ತುವುದು ನನಗೆ ನೋವಾಗುತ್ತದೆ.

ಜೋರ್ಕಿ ಸಿಕ್ಕರೆ ಬಿಡಬೇಡ. ಆ ಹೆಸರಿಗೆ ಚುರುಕು ಕಣ್ಣಿನದು ಅಂತ ಅರ್ಥ. ಬ್ಯಾಟರಿಯೇ ಬೇಡ. ನನ್ನ ಒಂದು ಜೋರ್ಕಿ ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿದ್ದು, ನಲ್ಲಿ ಮತ್ತು ಬೀಗದ ಕೈ ಗುಡ್ಡೆಯ ನಡುವೆ. ಎರಡು ನಿಯಮ ಮರೆಯಬೇಡ. ಶಟರ್ ವೇಗವನ್ನು ರೀಲು ಮುಂದೆ ಸರಿಸಿದ ಮೇಲೆ ಮಾತ್ರ ಬದಲಾಯಿಸು, ಮೊದಲೇ ತಿರುಗಿಸಿದರೆ ಒಳಗೆ ಮುರಿಯಬಹುದು. ಲೆನ್ಸನ್ನು ಬಿಸಿಲಿಗೆ ಮುಖ ಮಾಡಿ ಇಡಬೇಡ. ಇದರ ಶಟರ್ ಬಟ್ಟೆಯದು, ಭೂತಗಾಜಿನಲ್ಲಿ ಕಾಗದ ಸುಟ್ಟ ಹಾಗೆ ತೂತು ಬೀಳುತ್ತದೆ.

ಹೇಮಾವತಿ_ಹಾಸನ

ರೈಟರ್ ಸರ್, ಬೇಲೂರಿನವರೇ, ತಡವಾಗಿ ಬರೆಯುತ್ತಿದ್ದೇನೆ. ಅವತ್ತೇ ರಾತ್ರಿ ಕೇಸ್‌ನಿಂದ ತೆಗೆದೆ. ಕಿಲುಬು ಒರೆಸಿ, ರಟ್ಟು ಸುತ್ತಿ ಬ್ಯಾಟರಿ ಹಾಕಿದೆ. ಗುಂಡಿ ಒತ್ತಿದಾಗ ಹಸಿರು ಬಂತು! ಅಡುಗೆ ಮನೆಗೆ ಓಡಿ ಹೋಗಿ ಅಮ್ಮನಿಗೆ ತೋರಿಸಿದೆ. "ಟಕ್" ಶಬ್ದವೂ ಇದೆ. ಲೆನ್ಸನ್ನು ಬೆಂಗಳೂರಿನಲ್ಲಿ ಬಿಚ್ಚಿಸಿ ಒರೆಸಿಸಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಕಲೆ ಉಳಿದಿದೆ, ಫೋಟೋದಲ್ಲಿ ಗೊತ್ತಾಗುತ್ತಿಲ್ಲ.

ಮೊದಲ ರೀಲು ಹಾಕಿಕೊಂಡು ಸಕಲೇಶಪುರಕ್ಕೆ ಹೋದೆ. ಸನ್ನೆ ಎಳೆದಾಗ ಎಡಗಡೆಯ ಸುತ್ತುವ ಗುಬುಟು ತಿರುಗುತ್ತಿದೆಯಾ ಅಂತ ಪ್ರತಿ ಸಲ ನೋಡಿದೆ, ರೀಲು ಸಿಕ್ಕಿಕೊಂಡಿದೆ ಅಂತ ಅದರಿಂದಲೇ ಗೊತ್ತಾಗುತ್ತದಂತೆ. ದೊಡ್ಡಮ್ಮನನ್ನು ಜಗಲಿಯಲ್ಲಿ ಕೂರಿಸಿದೆ. ಕಿಟಕಿಯಲ್ಲಿ ಎರಡು ದೊಡ್ಡಮ್ಮ ಇದ್ದರು. ರಿಂಗ್ ತಿರುಗಿಸಿದೆ, ಮೂಗುಬೊಟ್ಟಿನ ಮೇಲೆ ಮೂಗುಬೊಟ್ಟು ಬಂದು ಕೂತಿತು. ಅವರು ಕ್ಯಾಮೆರಾ ನೋಡಲಿಲ್ಲ, ನನ್ನ ಕೈ ನೋಡುತ್ತಿದ್ದರು. "ಅವರೂ ಹೀಗೇ ಎಡಗೈ ಕೆಳಗೆ ಕೊಟ್ಟು ಹಿಡಿಯುತ್ತಿದ್ದರು" ಅಂದರು. ಹಾಗನ್ನುವಾಗಲೇ ಒತ್ತಿದೆ.

ಸರ್, ಒಂದು ಕೇಳಬೇಕಿತ್ತು. ರೀಲು ತೊಳೆಯಲು ಕಳಿಸಿದ ಕಡೆ ಎರಡು ಫ್ರೇಮಿಗೆ ಗೀರು ಬಿದ್ದಿದೆ. ಮನೆಯಲ್ಲೇ ತೊಳೆಯುವುದು ಕಷ್ಟವಾ?

ಎಸ್ಟೇಟ್_ರೈಟರ್

ಕಷ್ಟ ಇಲ್ಲಮ್ಮ. ನನಗೂ ಹೀಗೇ ಗೀರು ಬಿದ್ದ ಮೇಲೆ ಕಲಿತೆ. ಕತ್ತಲಾಗಬೇಕಾದ್ದು ರೀಲನ್ನು ಡಬ್ಬಿಗೆ ತುಂಬುವಾಗ ಮಾತ್ರ. ಅದಕ್ಕೆ ಎರಡು ತೋಳಿನ ಕಪ್ಪು ಚೀಲ ಸಾಕು. ಹಾಳಾದ ಒಂದು ರೀಲಿನಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಅಭ್ಯಾಸ ಮಾಡು. ರೀಲು ತೊಳೆಯುವ ಡಿ-76 ಔಷಧಿಗೆ ನೀರು 20 ಡಿಗ್ರಿ ಇರಬೇಕು. ಡಿಸೆಂಬರ್ ಬೆಳಿಗ್ಗೆ ನಮ್ಮ ತೊಟ್ಟಿ ನೀರು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಐಸ್ ಬೇಡ. ಇಲ್ಫೋರ್ಡ್ ಎಚ್‌ಪಿ5 ರೀಲು ಆದರೆ ನೀರು ಬೆರೆಸದ ಡಿ-76ರಲ್ಲಿ ಏಳೂವರೆ ನಿಮಿಷ. ಮೊದಲು ನಾನು ಊಟಿಯಲ್ಲಿ ತಯಾರಾಗುತ್ತಿದ್ದ "ಇಂದು" ರೀಲು ತೊಳೆಯುತ್ತಿದ್ದೆ, ಅದು ಈಗಿಲ್ಲ.

ಈ ಸಲ ಹೂ ಮಳೆ ಬಿದ್ದಾಗ ದೊಡ್ಡಮ್ಮನನ್ನೂ ಕರೆದುಕೊಂಡು ಆಲ್ದೂರಿಗೆ ಬಾ. ಔಷಧಿ, ಚೀಲ, ಡಬ್ಬಿ ಎಲ್ಲಾ ಇಲ್ಲೇ ಇದೆ. ದೊಡ್ಡಮ್ಮನ ಆ ಫೋಟೋದ ನೆಗೆಟಿವ್ ತರುವುದನ್ನು ಮರೆಯಬೇಡ.