ಆಪ್ ಓಪನ್ ಆಗ್ವಾಗ ಡೇಟಾಬೇಸ್‌ಗೆ ಇಷ್ಟೆಲ್ಲ ಕೆಲ್ಸ ಬೇಕಾ?

ಶಿರಸಿ_ಪೇಟೆ: ಅಡಿಕೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದೀನಿ, ಒಳಗಡೆ ಎಸ್‌ಕ್ಯೂಲೈಟ್ (ಎಲ್ಲಾ ಡೇಟಾನೂ ಒಂದೇ ಫೈಲಲ್ಲಿ ಇಡೋ ಡೇಟಾಬೇಸ್). ಪ್ರತಿ ಸಲ ಓಪನ್ ಮಾಡ್ದಾಗ್ಲೂ ಎಲ್ಲಾ ಟೇಬಲ್ಲಿಗೂ "ಕ್ರಿಯೇಟ್ ಇಫ್ ನಾಟ್ ಎಕ್ಸಿಸ್ಟ್ಸ್", ಆಮೇಲೆ ಚಾಲಿ, ರಾಶಿ, ಬೆಟ್ಟೆ ಅಂತ ಗ್ರೇಡ್ ಲಿಸ್ಟ್ ಮತ್ತೆ ತುಂಬೋದು, ಕೊನೆಗೆ ಫೈಲ್ ಹಾಳಾಗಿಲ್ವಲ್ಲ ಅಂತ ನೋಡೋ ಇಂಟೆಗ್ರಿಟಿ ಚೆಕ್. ಫೈಲ್ ದೊಡ್ಡದಾದಂಗೆ ನಿಧಾನ ಆಗ್ತಿದೆ, ಸೀಸನ್ನಲ್ಲಿ ರೈತ್ರು ಚೀಲ ಇಳಿಸ್ಕೊಂಡು ಕಾಯ್ತಾ ನಿಂತಿರ್ತಾರೆ. ಯಾವ್ದು ತೆಗೀಬಹುದು?

ಕಾರವಾರ_ಬಂದರು: ಮೊದ್ಲು ಇಂಟೆಗ್ರಿಟಿ ಚೆಕ್ ತೆಗೀರಿ ಮಾರಾಯ್ರೆ. ಅದು ಇಡೀ ಫೈಲ್ ಓದ್ತದೆ, ಹಾಗಾಗಿ ಡೇಟಾ ಬೆಳ್ದಷ್ಟೂ ಟೈಮ್ ಬೆಳೀತದೆ. ಟೇಬಲ್ ಇದ್ಯಾ ಅಂತ ನೋಡೋದು ಅಷ್ಟೇನೂ ಭಾರ ಅಲ್ಲ. ಗ್ರೇಡ್ ಲಿಸ್ಟ್ ಒಂದೊಂದು ಸಾಲೂ ಬೇರೆ ಟ್ರಾನ್ಸಾಕ್ಷನ್ನಲ್ಲಿ (ಆದ್ರೆ ಪೂರ್ತಿ ಆಗ್ಬೇಕು, ಇಲ್ಲಾಂದ್ರೆ ಏನೂ ಆಗ್ಬಾರ್ದು ಅನ್ನೋ ಕೆಲ್ಸದ ಕಂತು) ಹೋಗ್ತಿದ್ರೆ ಪ್ರತಿ ಸಾಲಿಗೂ ಡಿಸ್ಕಿಗೆ ಸಿಂಕ್ (ನಿಜವಾಗ್ಲೂ ಬರೆದಾಯ್ತು ಅನ್ನೋವರೆಗೂ ಕಾಯೋದು), ಅದೂ ನಿಧಾನನೇ.

ಯಲ್ಲಾಪುರ_ಘಟ್ಟ: ಒಪ್ಪೋದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗ್ತದೆ ಗೊತ್ತಿಲ್ಲ, ಬಿಲ್ ಹಾಕ್ತಾ ಇರೋವಾಗ್ಲೇ ಆಫ್. ಚೆಕ್ ಇಲ್ದೆ ಓಪನ್ ಮಾಡೋಕೆ ನಂಗಂತೂ ಧೈರ್ಯ ಇಲ್ಲ, ರೈತನ ದುಡ್ಡಿನ ಲೆಕ್ಕ ಅದು.

ಕಾರವಾರ_ಬಂದರು: ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್ ಸರಿ ಮಾಡೋದು ಆ ಚೆಕ್ ಅಲ್ಲ. ಬದ್ಲಾವಣೆಗೆ ಮುಂಚಿನ ಡೇಟಾ ಇಟ್ಕೊಂಡಿರೋ ಜರ್ನಲ್ ಫೈಲ್ ಉಳ್ದಿದ್ರೆ ಮುಂದಿನ ಸಲ ಓದೋಕೆ ಹೋದಾಗ ಎಸ್‌ಕ್ಯೂಲೈಟೇ ವಾಪಸ್ ತಿರುಗಿಸ್ತದೆ. ಚೆಕ್ ಬರೀ ಹಾಳಾಗಿದೆ ಅಂತ ಹೇಳ್ತದೆ, ರಿಪೇರಿ ಮಾಡೋದಿಲ್ಲ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ನೋಡಿ, ಸರಿಯಾಗಿ ಶಟ್‌ಡೌನ್ ಆಗಿತ್ತಾ ಅಂತ ಕಂಟ್ರೋಲ್ ಫೈಲ್ ನೋಡ್ತದೆ, ಆಗಿಲ್ದಿದ್ರೆ ಕೊನೇ ಚೆಕ್‌ಪಾಯಿಂಟಿಂದ (ಅಲ್ಲೀವರೆಗಿನ ಡೇಟಾ ಡಿಸ್ಕಿಗೆ ಹೋಗಿದೆ ಅನ್ನೋ ಗುರುತು) ಬದ್ಲಾವಣೆಗಳ ಲಾಗ್ ಓದ್ತದೆ. ಇಡೀ ಡೇಟಾ ಜಾಲಾಡೋದಿಲ್ಲ.

ಯಲ್ಲಾಪುರ_ಘಟ್ಟ: ಡಿಸ್ಕೇ ಸಿಂಕ್ ಆಯ್ತು ಅಂತ ಸುಳ್ಳು ಹೇಳಿದ್ರೆ? ಹಳೇ ಹಾರ್ಡ್‌ಡಿಸ್ಕ್ ಇರೋ ಅಂಗ್ಡಿಗಳೇ ಜಾಸ್ತಿ. ಸರಿಯಾಗಿ ಕ್ಲೋಸ್ ಮಾಡ್ದಾಗ ಒಂದು ಗುರುತು ಬರೆದಿಡ್ಲಿ, ಓಪನ್ ಆದ ಕೂಡ್ಲೆ ಅಳಿಸ್ಲಿ. ಗುರುತು ಇಲ್ದಿದ್ದ ದಿನ ಮಾತ್ರ ಕ್ವಿಕ್ ಚೆಕ್, ಅದು ಇಂಡೆಕ್ಸಿಗೂ (ಬೇಗ ಹುಡುಕೋಕಿರೋ ಸೂಚಿ) ಟೇಬಲ್ಲಿಗೂ ತಾಳೆ ನೋಡೋದಿಲ್ಲ, ಬೇಗ ಮುಗೀತದೆ. ಪೂರ್ತಿ ಚೆಕ್ ರಾತ್ರಿ ಬ್ಯಾಕಪ್ ಕಾಪಿ ಮೇಲೆ. ಇಷ್ಟು ಬಿಟ್ಟುಕೊಡ್ತೀನಿ, ಪೂರ್ತಿ ತೆಗೀಬೇಡಿ.

ಕುಮಟಾ_ಕೋಡರ್: ಸ್ಕೀಮಾ (ಟೇಬಲ್‌ಗಳ ರಚನೆ) ಕೆಲ್ಸಕ್ಕೆ ಎಸ್‌ಕ್ಯೂಲೈಟಿನ ಸೆಟ್ಟಿಂಗ್ ಕಮಾಂಡು ಪ್ರಾಗ್ಮಾ ಯೂಸರ್_ವರ್ಷನ್ ಇದ್ಯಲ್ಲ, ಫೈಲ್ ಹೆಡರಲ್ಲಿ ಒಂದು ನಂಬರು, ಹೊಸ ಫೈಲಲ್ಲಿ 0. ಓದಿ, ನಿಮ್ಮ ಆಪ್‌ಗೆ ಬೇಕಾದ ನಂಬರೇ ಇದ್ರೆ ಟೇಬಲ್ಲು ಗ್ರೇಡು ಯಾವ್ದೂ ಮುಟ್ಟದೆ ಮುಂದೆ ಹೋಗಿ. ಆಂಡ್ರಾಯ್ಡ್‌ನಲ್ಲಿ ಡೇಟಾಬೇಸ್ ಓಪನ್ ಮಾಡೋ ಓಪನ್‌ಹೆಲ್ಪರೂ ಇದನ್ನೇ ಬಳಸ್ತದೆ.

ಶಿರಸಿ_ಪೇಟೆ: ಹಂಗಾದ್ರೆ ಪ್ರಾಗ್ಮಾ ಸೆಟ್ಟಿಂಗ್ಸ್ ಎಲ್ಲಾನೂ ವರ್ಷನ್ ಬೇರೆ ಇದ್ದಾಗ ಮಾತ್ರ ಓಡೋ ಭಾಗದೊಳಗೇ ಹಾಕ್ಬಿಡ್ಲಾ?

ಕುಮಟಾ_ಕೋಡರ್: ಅಯ್ಯೋ ಬೇಡ! ವಾಲ್ ಮೋಡ್ (ಬದ್ಲಾವಣೆನ ಮೊದ್ಲು ಲಾಗ್ ಫೈಲಿಗೆ ಬರೆಯೋ ರೀತಿ) ಒಂದ್ಸಲ ಹಾಕಿದ್ರೆ ಫೈಲಲ್ಲೇ ಉಳೀತದೆ, ಆದ್ರೆ ಫಾರಿನ್ ಕೀ (ಟೇಬಲ್‌ಗಳ ನಡುವಿನ ಕೊಂಡಿ ಸರಿ ಇದ್ಯಾ ಅಂತ ನೋಡೋದು), ಬ್ಯುಸಿ ಟೈಮ್‌ಔಟ್ (ಫೈಲ್ ಬೇರೆಯವ್ರು ಬಳಸ್ತಿದ್ರೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋದು) ಎರಡೂ ಕನೆಕ್ಷನ್ನಿಗೆ ಸೇರಿದ್ದು, ಪ್ರತಿ ಸಲ ಹಾಕ್ಲೇಬೇಕು. ಮತ್ತೆ ಟೇಬಲ್ ಬದ್ಲಾವಣೆ, ವರ್ಷನ್ ನಂಬರ್ ಎರಡೂ ಒಂದೇ ಟ್ರಾನ್ಸಾಕ್ಷನ್ನಲ್ಲಿರ್ಲಿ, ಮಧ್ಯ ಕರೆಂಟ್ ಹೋದ್ರೆ ಎರಡೂ ಒಟ್ಟಿಗೇ ಹಿಂದೆ ಹೋಗ್ತವೆ.