ಮನೆಯೊಳಗೆ ಬೆಳೆದ ಗಿಡಗಳನ್ನು ಅಂಗಳಕ್ಕೆ ತಂದಾಗ ಎಲೆ ಸುಡುವುದೇಕೆ?

ಪ್ರಶ್ನೆ (ಪುತ್ತೂರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಫ್ಲ್ಯಾಟಿನ ಕಿಟಕಿಯ ಬಳಿ ಏಳು ವರ್ಷ ಸಾಕಿದ ಮನಿ ಪ್ಲಾಂಟ್, ಮಾನ್‌ಸ್ಟೆರಾ, ಪೀಸ್ ಲಿಲಿ, ಸ್ನೇಕ್ ಪ್ಲಾಂಟ್ ಮತ್ತು ರಬ್ಬರ್ ಗಿಡಗಳನ್ನು ಈ ಮಾರ್ಚ್‌ನಲ್ಲಿ ಊರಿನ ಮನೆಗೆ ತಂದು, ಇನ್ನಾದರೂ ಚೆನ್ನಾಗಿ ಬೆಳೆಯಲಿ ಎಂದು ಅಂಗಳದಲ್ಲಿ ಸಾಲಾಗಿ ಇಟ್ಟೆ. ನಾಲ್ಕೇ ದಿನಗಳಲ್ಲಿ ಮಾನ್‌ಸ್ಟೆರಾದ ಎಲೆಗಳು ಬಿಳಿಚಿಕೊಂಡು, ಅನಂತರ ಕಂದಾಗಿ ಹಪ್ಪಳದಂತೆ ಗರಿಗರಿಯಾದವು. ಆದರೆ ಒಂದು ಎಲೆಯ ಮೇಲೆ ಇನ್ನೊಂದು ಎಲೆ ಬಾಗಿದ್ದ ಕಡೆ, ಮೇಲಿನ ಎಲೆಯ ಆಕಾರದಷ್ಟೇ ಜಾಗ ಅಚ್ಚು ಒತ್ತಿದಂತೆ ಹಸಿರಾಗಿ ಉಳಿದಿದೆ. ನಮ್ಮ ಸೆಕೆ ಇವುಗಳಿಗೆ ಆಗುವುದಿಲ್ಲವೇ? ಒಳಗೇ ಇಡಬೇಕೇ?

ಉತ್ತರ (ಬೆಳ್ತಂಗಡಿ)

ಮೇಡಂ, ನೀವು ಗಮನಿಸಿದ ಆ ಹಸಿರು ಅಚ್ಚಿನಲ್ಲೇ ಉತ್ತರವಿದೆ. ಸೆಕೆಯೇ ಕಾರಣವಾಗಿದ್ದರೆ ನೆರಳಿನಲ್ಲಿದ್ದ ಭಾಗವೂ ಬಾಡಬೇಕಿತ್ತು. ಗಿಡವನ್ನು ಸುಟ್ಟದ್ದು ನೇರ ಬಿಸಿಲು, ಅದಕ್ಕಿಂತಲೂ ಹೆಚ್ಚಾಗಿ ಆ ಬಿಸಿಲು ಒಮ್ಮೆಲೇ ಬಿದ್ದದ್ದು. ಮಾನ್‌ಸ್ಟೆರಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡುಗಳಲ್ಲಿ, ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ, ನಮ್ಮ ಕಾಳುಮೆಣಸಿನಂತೆಯೇ ಮರವನ್ನು ಹತ್ತಿ ಬೆಳೆಯುವ ಬಳ್ಳಿಗಳು. ಸೆಕೆ ಮತ್ತು ತೇವ ಅವುಗಳ ತವರಿನ ಗುಣಗಳೇ. ಕಿಟಕಿಯ ಮಂದ ಬೆಳಕಿನಲ್ಲಿ ಮೂಡಿದ ಎಲೆಗಳು ತೆಳುವಾಗಿರುವುದರಿಂದ ಪ್ರಖರ ಬಿಸಿಲನ್ನು ತಾಳಲಾರವು, ಹೊರಗೆ ಮೂಡುವ ಹೊಸ ಎಲೆಗಳು ಅದಕ್ಕೆ ಹೊಂದಿಕೊಂಡೇ ಬರುತ್ತವೆ.

ಸುಟ್ಟ ಜಾಗ ಮತ್ತೆ ಹಸಿರಾಗುವುದಿಲ್ಲ. ಆದರೂ ಉಳಿದ ಹಸಿರು ಭಾಗ ಗಿಡಕ್ಕೆ ಆಹಾರ ಒದಗಿಸುತ್ತಿರುವುದರಿಂದ, ಪೂರ್ತಿ ಒಣಗುವ ತನಕ ಎಲೆಯನ್ನು ದಯವಿಟ್ಟು ಕತ್ತರಿಸಬೇಡಿ. ಗಿಡಗಳನ್ನು ಒಂದು ವಾರ ಜಗಲಿಯ ಒಳಬದಿಯಲ್ಲಿಡಿ, ಬಳಿಕ ಬೆಳಗಿನ ಒಂಬತ್ತರವರೆಗೆ ಮಾತ್ರ ಬಿಸಿಲು ಬೀಳುವ ಪೂರ್ವದ ಕಡೆಗೆ ಸರಿಸಿ. ಸ್ನೇಕ್ ಪ್ಲಾಂಟ್ ಮತ್ತು ರಬ್ಬರ್ ಗಿಡ ನಿಧಾನವಾಗಿ ಪೂರ್ಣ ಬಿಸಿಲಿಗೂ ಒಗ್ಗುತ್ತವೆ. ಪೀಸ್ ಲಿಲಿಗೆ ಮಾತ್ರ ಎಂದಿಗೂ ನೆರಳೇ ಬೇಕು. ಮಾವಿನ ಮರದ ಅಡಿಯಲ್ಲಿ ಜಾಗವಿದ್ದರೆ ನೆರಳು ಪರದೆಗೆ ಖರ್ಚು ಮಾಡಬೇಕಾಗಿಲ್ಲ, ಜಾಗವಿಲ್ಲದಿದ್ದರೆ ತೆಂಗಿನ ಮಡಲಿನ ಚಪ್ಪರವೂ ಸಾಕು.

ಉತ್ತರ (ಮಂಗಳೂರು)

ಬಿಸಿಲಿಗಿಂತ ನನಗೆ ಜೂನ್ ತಿಂಗಳದ್ದೇ ಹೆಚ್ಚಿನ ಚಿಂತೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಕರಾವಳಿಯಲ್ಲಿ ಗಿಡ ಸಾಯುವುದು ಬೇರು ಕೊಳೆತು. ನನ್ನ ಎರಡು ಸ್ನೇಕ್ ಪ್ಲಾಂಟ್‌ಗಳು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದವು. ಒಂದು ದಿನ ಎಲೆಯನ್ನು ಮುಟ್ಟಿದಾಗ ಬುಡದಿಂದಲೇ ಕಳಚಿ ಕೈಗೆ ಬಂತು, ಬುಡ ಲೋಳೆಯಾಗಿ ನಾರುತ್ತಿತ್ತು. ಬರೀ ಕೆಂಪು ಮಣ್ಣು ತುಂಬಿದ್ದೇ ನನ್ನ ತಪ್ಪು, ಏಕೆಂದರೆ ಅದು ಮಳೆಗೆ ಗಟ್ಟಿಯಾಗಿ ನೀರನ್ನು ಹಿಡಿದಿಡುತ್ತದೆ. ಈಗ ಮಣ್ಣು, ಹೊಯಿಗೆ ಮತ್ತು ತೆಂಗಿನ ನಾರಿನ ಹುಡಿಯನ್ನು ಸಮಪಾಲು ಬೆರೆಸುತ್ತೇನೆ, ಚಟ್ಟಿಯನ್ನು ಎರಡು ಇಟ್ಟಿಗೆ ತುಂಡುಗಳ ಮೇಲೆ ಏರಿಸಿಡುತ್ತೇನೆ. ಸ್ನೇಕ್ ಪ್ಲಾಂಟನ್ನು ಮಳೆಗಾಲ ಮುಗಿಯುವ ತನಕ ಮಾಡಿನ ಕೆಳಗೇ ಇಡಿ. ಚಟ್ಟಿಯ ಕೆಳಗಿನ ತಟ್ಟೆಗಳನ್ನು ತೆಗೆದುಬಿಡಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ.

ಉತ್ತರ (ಸುಳ್ಯ)

ನೆಲದಲ್ಲಿ ನೆಡುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. ನೀವು ಹೇಳಿದ ರಬ್ಬರ್ ಗಿಡ ನಮ್ಮ ತೋಟಗಳಲ್ಲಿ ಹಾಲು ತೆಗೆಯುವ ರಬ್ಬರ್ ಅಲ್ಲ, ಆಲದ ಜಾತಿಗೆ ಸೇರಿದ ಮರ. ಮೇಘಾಲಯದಲ್ಲಿ ಹಳ್ಳಗಳ ಮೇಲೆ ಜೀವಂತ ಸೇತುವೆ ಹೆಣೆಯುವುದು ಇದರ ಬೇರುಗಳಿಂದಲೇ. ಅಂಥ ಬೇರು ಮನೆಯ ಅಡಿಪಾಯದ ಬಳಿ ಇರಬಾರದು, ಅದನ್ನು ಚಟ್ಟಿಯಲ್ಲೇ ಉಳಿಸಿಕೊಳ್ಳಿ. ಮನಿ ಪ್ಲಾಂಟನ್ನು ಅಡಿಕೆ ಮರಕ್ಕೆ ಹಬ್ಬಿಸಬೇಡಿ. ಮರ ಹತ್ತಿದರೆ ಅದರ ಎಲೆಗಳು ಮೊರದಷ್ಟು ಅಗಲವಾಗುತ್ತವೆ, ಕೊನೆ ಕೊಯ್ಯಲು ಹತ್ತುವವರಿಗೆ ತೊಂದರೆಯಾಗುತ್ತದೆ, ತುಂಡಾಗಿ ಬಿದ್ದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಮನಿ ಪ್ಲಾಂಟ್, ಮಾನ್‌ಸ್ಟೆರಾ, ಪೀಸ್ ಲಿಲಿ ಮೂರೂ ಕೆಸುವಿನ ಕುಟುಂಬದವು, ಕೆಸುವಿನಂತೆಯೇ ಬಾಯಿ ತುರಿಸುವ ಗುಣವುಳ್ಳವು. ಆದ್ದರಿಂದ ಚಿಕ್ಕ ಮಕ್ಕಳಿಗೂ ಕರುಗಳಿಗೂ ಎಟುಕದಂತೆ ಇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸಂಜೆಯೇ ಎಲ್ಲವನ್ನೂ ಜಗಲಿಗೆ ಸರಿಸಿದೆವು. ಆಗ ಮಾನ್‌ಸ್ಟೆರಾದ ಸುಟ್ಟ ಎಲೆಯ ತೊಟ್ಟಿನ ಬಳಿ ಸುರುಳಿ ಸುತ್ತಿದ ಹೊಸ ಎಲೆಯೊಂದು ಕಂಡಿತು. ಮಣ್ಣನ್ನು ಮೇ ತಿಂಗಳೊಳಗೆ ಬದಲಿಸುತ್ತೇನೆ.